ಅಮಾಸಿ ರಾತ್ರಿಗೆ ಒಂದು ಹಳೇ ದೆವ್ವದ ಪಿಚ್ಚರ್

ಪುಣೆದಾಗ ಇರೋ ನಮ್ಮ ಅಕ್ಕನ ಮಗಳು ಒಂದು ಫೋಟೋ ಕಳಿಸಿದ್ಲು. ದೊಡ್ಡದೊಂದು ಕುಂಬಳಕಾಯಿಗೆ ಕಣ್ಣು, ಮೂಗು, ಹಲ್ಲು ಕೊರದು, ಒಳಗ ದೀಪ ಇಟ್ಟು ಬಾಗಲ ಮುಂದ ಕುಂಡರಿಸಿದ್ಲು. ಕೆಳಗ "ಮಾವಶಿ, ಹ್ಯಾಪಿ ಹ್ಯಾಲೋವಿನ್" ಅಂತ ಬರದಿದ್ಲು. ನಮ್ಮ ಅತ್ತಿಯವರು ಚಸ್ಮಾ ಹಾಕ್ಕೊಂಡು ಅದನ್ನ ಭಾಳೊತ್ತು ನೋಡಿದ್ರು. ನೋಡಿ, "ಒಳಗಿಂದೆಲ್ಲಾ ಏನ ಮಾಡಿದ್ಲಂತ ಕೇಳು. ಗಾರಗಿ ಮಾಡಿದ್ರ ಮನಿ ಮಂದಿಗೆಲ್ಲಾ ಆಗತಿತ್ತು" ಅಂದ್ರು.

ಹ್ಯಾಲೋವಿನ್ ಅಂದ್ರ ಅಮೆರಿಕಾದ ಮಂದಿ ಅಕ್ಟೋಬರ್ 31ಕ್ಕ ಮಾಡೋ ದೆವ್ವದ ಹಬ್ಬ ಅನ್ರಿ. ಹುಡುಗೂರು ದೆವ್ವದ ಸೋಗು ಹಾಕ್ಕೊಂಡು ಮನಿಮನಿಗೆ ಹೋಗಿ ಚಾಕಲೇಟ್ ಬೇಡತಾವ. ರಾತ್ರಿ ದೊಡ್ಡವರು ಹಳೇ ದೆವ್ವದ ಪಿಚ್ಚರ್ ಹಚ್ಚಿಕೊಂಡು ಕುಂಡರತಾರ. ನಮಗ ಇದೆಲ್ಲಾ ಏನ ಹೊಸಾದು? ನಾವೂ ಅಮಾಸಿಗೆ ಕುಂಬಳಕಾಯಿ ಒಡೀತೀವಿ, ಗಾಡಿಗೆ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟತೀವಿ, ಮಾನೌಮಿ ಅಮಾಸಿಗೆ ಹಿರ್ಯಾರ ಹೆಸರಿಲೆ ಎಡಿ ಇಡತೀವಿ. 2024ರಾಗಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕ ಬಂದಿತ್ತು. ನಾವು ನಸುಕಿನ್ಯಾಗ ಎಣ್ಣಿ ಹಚ್ಚಿಕೊಂಡು ನೀರ ಹಾಕ್ಕೊಂಡ ದಿನಾನ ಅವರು ದೆವ್ವದ ಮಾರಿ ಹಾಕ್ಕೊಂಡು ತಿರುಗಾಡಿದ್ರು. ನಮ್ಮಲ್ಲೆ ಇಲ್ಲದ್ದು ಒಂದ, ಎಲ್ಲಾರೂ ಕೂಡಿ ದೆವ್ವದ ಪಿಚ್ಚರ್ ನೋಡೋದು.

ಅದೊಂದನ್ನ ನಾವು ಅವರ ಕಡಿಂದ ತಗೋಬೇಕು ಅಂತೀನಿ ನಾ. ಹೊಸಾ ಪಿಚ್ಚರ್ ಅಲ್ಲ. ಹಳೇವು, ಅದೂ ರೊಕ್ಕ ಇಲ್ಲದ ಮಂದಿ ಕಡಿಮಿ ಖರ್ಚಿನ್ಯಾಗ ಮಾಡಿದವು. ಮತ್ತ ಒಬ್ಬೊಬ್ಬರ ಮೊಬೈಲ್‌ನ್ಯಾಗ ನೋಡೋದಲ್ಲ, ಅತ್ತಿ, ಸೊಸಿ, ನೆಗೆಣ್ಣಿ, ಮಕ್ಕಳು, ಬಾಜೂ ಮನಿಯವರು ಎಲ್ಲಾರೂ ಪಡಸಾಲ್ಯಾಗ ಕೂಡಿ ನೋಡೋದು. ಹಿಂಗಂದ್ರ ನೀವು ಏನಂತೀರಿ ಅನ್ನೋದು ನನಗ ಗೊತ್ತೈತಿ. ಅಮಾಸಿ ದಿನ ಅದರ ಹೆಸರು ಸುದ್ದಾ ತಗೀಬಾರದು ಅಂತೀರಿ. ಆಮ್ಯಾಲೆ ದನಿ ಸಣ್ಣ ಮಾಡಿ, "ಬಾಜೂ ಮನಿ ಹುಡುಗಿಗೆ ಆದದ್ದು ಮರತಿ ಏನ?" ಅಂತೀರಿ. ಮರತಿಲ್ರಿ. ಮರೀದಿದ್ದಕ್ಕನ ಇದನ್ನ ಬರ್ಯಾಕ ಕುಂತೀನಿ. ಆ ಹುಡುಗಿ ಮಾತಿಗೆ ಆಮ್ಯಾಲೆ ಬರತೀನಿ, ಮೊದಲ ಪಿಚ್ಚರ್ ಮಾತು ಆಗಲಿ.

ಸಣ್ಣಾಕಿ ಇದ್ದಾಗ ನಾ ಮೊದಲನೇ ದೆವ್ವದ ಪಿಚ್ಚರ್ ನೋಡಿದ್ದು ಜಾತ್ರ್ಯಾಗ, ಡೇರೆ ಟಾಕೀಜಿನ್ಯಾಗ. ಉಸುಕಿನ ಮ್ಯಾಲೆ ತಟ್ಟು ಹಾಸ್ಕೊಂಡು ಕುಂತಿದ್ವಿ. ಪಡದೆ ಗಾಳಿಗೆ ಅಲುಗಾಡತಿತ್ತು, ಅದರ ಕೂಡ ದೆವ್ವದ ಮಾರೀನೂ ಉಬ್ಬೋದು, ತಗ್ಗೋದು. ಪಿಚ್ಚರ್ ಮುಗಿಸಿ ಕಬ್ಬಿನ ಹೊಲದ ನಡುವಿನ ದಾರಿಗುಂಟ ಮನಿಗೆ ಬರಬೇಕು. ಆಳೆತ್ತರ ಕಬ್ಬು, ಗಾಳಿ ಬಿಟ್ರ ಸರಸರ ಸಪ್ಪಳ. ಎಲ್ಲೋ ದೂರ ಒಂದು ಪಂಪಸೆಟ್ಟು ಡುಗುಡುಗು ಅಂತಿತ್ತು. ಅವ್ವ ಒಂದ ಮಾತ ಆಡದನ ನನ್ನ ಕೈ ಹಿಡಕೊಂಡು ಜೋರಿಲೆ ನಡದ್ಲು. ಆಕಿಗೂ ಅಂಜಿಕಿ ಬಂದಿತ್ತು ಅನ್ನೋದು ನನಗ ಗೊತ್ತಾಗಿದ್ದು ನನ್ನ ಮಗಳನ್ನ ನಾ ಹಂಗ ಕೈ ಹಿಡಕೊಂಡು ನಡದಾಗ.

ಕಡಿಮಿ ಖರ್ಚಿನ ದೆವ್ವದ ಪಿಚ್ಚರ್ ಅಂದ್ರ ನಮ್ಮ ದೇಶದಾಗ ಮೊದಲ ಹೆಸರು ರಾಮ್ಸೆ ಅಣ್ಣತಮ್ಮಂದ್ರದ. ಅವರ ಕತಿ ಅವರ ಪಿಚ್ಚರಿಗಿಂತ ಚೊಲೋ ಐತಿ, ಕೇಳ್ರಿ. ಅವರಪ್ಪ ಎಫ್. ಯು. ರಾಮ್ಸೆ ಕರಾಚ್ಯಾಗ ರೇಡಿಯೋ ಅಂಗಡಿ ಇಟ್ಟಿದ್ದ. ಮೂಲ ಅಡ್ಡಹೆಸರು ರಾಮಸಿಂಘಾನಿ. ಇಂಗ್ರೇಜಿ ಗಿರಾಕಿಗೋಳ ಬಾಯಾಗ ಅದು ರಾಮ್ಸೆ ಆತು. ದೇಶ ಎರಡು ಭಾಗ ಆದ ಮ್ಯಾಲೆ ಮುಂಬೈಗೆ ಬಂದ, ಅಲ್ಲೂ ಅಂಗಡಿ ಹಾಕಿದ, ಪಿಚ್ಚರಿಗೆ ರೊಕ್ಕ ಹಾಕಿ ಕೈ ಸುಟ್ಟುಕೊಂಡ. 1970ರಾಗ "ಏಕ್ ನನ್ಹಿ ಮುನ್ನಿ ಲಡ್ಕಿ ಥೀ" ಅನ್ನೋ ಪಿಚ್ಚರ್ ಮಾಡಿದ, ಅದು ಬಿತ್ತು. ಆದ್ರ ಮಕ್ಕಳು ಟಾಕೀಜಿನ್ಯಾಗ ಕುಂತು ಒಂದು ಗಮನಿಸಿದ್ರು. ಅದರಾಗ ಪೃಥ್ವಿರಾಜ್ ಕಪೂರ್ ಭಯಂಕರ ಮಾರಿ ಹಾಕ್ಕೊಂಡು ಕಳವು ಮಾಡೋ ಒಂದು ಸೀನ್ ಐತಿ. ಅದು ಬಂದಾಗ ಮಂದಿ ಎದ್ದು ಕುಂಡರತಿದ್ರು, ಅದೊಂದರ ಸಲುವಾಗಿನ ಬರತಿದ್ರು. ಹಂಗಾರ ಪಿಚ್ಚರ್ ಪೂರಾ ಅಂಜಸೋದ ಮಾಡಿದ್ರ? ಅಂತ ವಿಚಾರ ಮಾಡಿದ್ರು.

ಏಳು ಮಂದಿ ಅಣ್ಣತಮ್ಮಂದ್ರು ಕೆಲಸ ಹಂಚಿಕೊಂಡ್ರು. ಕುಮಾರ್ ಕತಿ ಬರಿಯೋದು, ಗಂಗೂ ಕ್ಯಾಮೆರಾ, ಕಿರಣ್ ಸಪ್ಪಳ, ತುಳಸಿ ಮತ್ತ ಶ್ಯಾಮ್ ದಿಗ್ದರ್ಶನ, ಕೇಶು ಮತ್ತ ಅರ್ಜುನ್ ಉಳಿದದ್ದು. 1972ರಾಗ "ದೋ ಗಜ್ ಜಮೀನ್ ಕೆ ನೀಚೆ" ಬಂತು. ಅದನ್ನ ತಗದದ್ದು ಎಲ್ಲೆ ಅಂದ್ರ ಮಹಾಬಳೇಶ್ವರದಾಗ. ನಿಪ್ಪಾಣಿಯಿಂದ ಕೊಲ್ಲಾಪುರ, ಸಾತಾರಾ ದಾಟಿ ಹೋಗತೀವಲ್ಲ, ಸ್ಟ್ರಾಬೆರಿ ತಿಂದು ಫೋಟೋ ತಕ್ಕೊಂಡು ಬರತೀವಲ್ಲ, ಅದ ಮಹಾಬಳೇಶ್ವರ. ಸ್ಟುಡಿಯೋಕ್ಕ ರೊಕ್ಕ ಇಲ್ಲ, ಸೆಟ್ ಹಾಕೋ ತಾಕತ್ತಿಲ್ಲ. ಒಂದು ಗೆಸ್ಟ್ ಹೌಸ್ ಹಿಡದ್ರು, ಕೈ ಬೆರಳಿಲೆ ಎಣಿಸೋವಷ್ಟ ಮಂದಿನ ಕರಕೊಂಡು ಹೋದ್ರು. ಮನಿ ಹೆಣ್ಮಕ್ಕಳೂ ಕೂಡ ಹೋಗಿ ಎಲ್ಲಾರಿಗೂ ಅಡಗಿ ಮಾಡಿ ಹಾಕಿದ್ರು. ಈ ಮಾತು ಓದಿದಾಗ ನನಗ ಮದುವಿ ಮನಿ ನೆನಪಾತು. ಪಡದೆ ಮ್ಯಾಲೆ ಹೆಸರು ಅಣ್ಣತಮ್ಮಂದ್ರದು. ಹೆಣದ ವೇಷ ಹಾಕಿದವಗ ಬಿಸಿ ರೊಟ್ಟಿ ಬಡದು ಹಾಕಿದಾಕಿ ಹೆಸರು ಎಲ್ಲೂ ಬರಂಗಿಲ್ಲ.

ಅವರ ಪಿಚ್ಚರಿನ್ಯಾಗ ಹೆಚ್ಚು ಓಡಿದ್ದು 1984ರ "ಪುರಾನಾ ಮಂದಿರ್". ಸಾಮ್ರಿ ಅನ್ನೋ ರಾಕ್ಷಸ, ರುಂಡ ಒಂದು ಕಡೆ, ಮುಂಡ ಒಂದು ಕಡೆ. ಅಜಯ್ ಅಗರವಾಲ್ ಅನ್ನೋ ಎತ್ತರದ ಮನಶ್ಯಾ ಆ ವೇಷ ಹಾಕಿದ್ದ. ಈಗ ನೋಡಿದ್ರ ನನ್ನ ಮಗ ನಗತಾನ, ಮುಖಕ್ಕ ಹಚ್ಚಿದ ಮೇಕಪ್ಪು ರಬ್ಬರಿನದು ಅಂತ ಗೊತ್ತಾಗತೈತಿ. ನಗಲಿ. ಆದ್ರ ಕತಿ ಏನಂತ ಸ್ವಲ್ಪ ನೋಡ್ರಿ. ರಾಜಾ ಒಬ್ಬ ಆ ರಾಕ್ಷಸನ ತಲಿ ಹಾರಸತಾನ. ರಾಕ್ಷಸ ಸಾಯೂ ಮುಂದ ಶಾಪ ಕೊಡತಾನ. ಯಾರಿಗೆ? ರಾಜಾನಿಗೆ ಅಲ್ಲ. ಆ ಮನಿತನದ ಹೆಣ್ಮಕ್ಕಳಿಗೆ, ಹಡಿಯೋವಾಗ ಸಾಯಲಿ ಅಂತ. ಕತ್ತಿ ಹಿಡದವ ಗಂಡಸು, ಶಾಪ ಕೊಟ್ಟವ ಗಂಡಸು, ಸಾಯೋರು ಬಸರ ಹೆಂಗಸರು. ಇದನ್ನ ಮೊದಲ ಸಲ ನೋಡಿದಾಗ ನನಗ ಏನೂ ಅನಿಸಿರಲಿಲ್ಲ. ಎರಡು ಹಡದ ಮ್ಯಾಲೆ ನೋಡಿದಾಗ ರಾಕ್ಷಸನ ಮಾರಿಗಿಂತ ಅದು ಹೆಚ್ಚು ಅಂಜಿಸ್ತು.

ಆದ್ರ ಒಂದು ಎಚ್ಚರ. ರಾಮ್ಸೆ ಪಿಚ್ಚರ್ ಹಚ್ಚಿದ್ರ ರಿಮೋಟ್ ಕೈಯಾಗ ಇರಲಿ. ಬಚ್ಚಲ ಮನಿ ಸೀನು ಇಲ್ಲದ ಅವರಿಗೆ ಪಿಚ್ಚರ್ ಮುಗಸಾಕ ಬರತಿರಲಿಲ್ಲ. 1988ರ "ವೀರಾನಾ" ಮಕ್ಕಳ ಮುಂದ ಹಚ್ಚಲೇಬ್ಯಾಡ್ರಿ, ಮಾವನವರು ಪಡಸಾಲ್ಯಾಗ ಇದ್ರಂತೂ ಮೊದಲ ಬ್ಯಾಡ.

ಕನ್ನಡದಾಗ? "ಭೂತಯ್ಯನ ಮಗ ಅಯ್ಯು" ಅಂತ ಹೇಳಬ್ಯಾಡ್ರಿ ಮತ್ತ. ನಮ್ಮ ಓಣ್ಯಾಗ ಒಬ್ಬಾಕಿ ಹೆಸರ ಕೇಳಿ ದೆವ್ವದ್ದು ಅಂತ ತಿಳಕೊಂಡು ಪೂರಾ ಪಿಚ್ಚರ್ ದೆವ್ವದ ದಾರಿ ಕಾಯಕೋತ ಕುಂತಿದ್ಲು. 1974ರ ಆ ಪಿಚ್ಚರ್ ಚೊಲೋ ಐತಿ, ಆದ್ರ ಅದು ಜಗಳದ್ದು, ದೆವ್ವದ್ದಲ್ಲ. ಕನ್ನಡದಾಗ ದೆವ್ವದ್ದು ಅಂದ್ರ 1979ರ "ನಾ ನಿನ್ನ ಬಿಡಲಾರೆ". ಅನಂತನಾಗ್, ಲಕ್ಷ್ಮೀ. ಈ ಹೆಸರು ಹೇಳಿದ್ರ ಸಾಕು, ಐವತ್ತು ದಾಟಿದವರೆಲ್ಲಾ ಸೆರಗು ಸರಿ ಮಾಡಿಕೊಳ್ಳತಾರ. ಹಾಡಿನ ಸಲುವಾಗಿ ನೆನಪಿಟ್ಟವರು ಕೆಲವರು, ರಾಯರ ಸಲುವಾಗಿ ನೆನಪಿಟ್ಟವರು ಕೆಲವರು. ನನಗ ಅದು ಯಾಕ ಬೇಕಂದ್ರ ಅದರಾಗ ದೆವ್ವ ಬಡಿಯೋದು ಗಂಡಗ. ಕಾಮಿನಿ ಅನ್ನಾಕಿ ದೆವ್ವ ಆಗಿ ಅನಂತನಾಗ್‌ನ ಮೈಯಾಗ ಹೊಗತಾಳ. ದೊಡ್ಡ ರಾಕ್ಷಸ ಇಲ್ಲ, ರಬ್ಬರಿನ ಮಾರಿ ಇಲ್ಲ. ಅಂಜಿಕಿ ಎಲ್ಲಾ ಆ ಮನಶ್ಯಾನ ಕಣ್ಣಾಗ. ಈಗಷ್ಟ ನಗಕೋತ ಚಹಾ ಕುಡದವ, ಮತ್ತೊಂದು ಕ್ಷಣಕ್ಕ ಬ್ಯಾರೇನ ನೋಡತಾನ. ಇಂಥಾ ನೋಟ ನೋಡಾಕ ದೆವ್ವ ಬೇಕಾಗಿಲ್ಲ ಅಂತ ನಿಮ್ಮೊಳಗ ಎಷ್ಟು ಮಂದಿಗೆ ಗೊತ್ತೈತಿ, ಹೇಳಬ್ಯಾಡ್ರಿ ಬಿಡ್ರಿ. ಈ ಪಿಚ್ಚರ್ ಹಿಂದಿಗೂ ಹೋತು, 1981ರಾಗ "ಮಂಗಳಸೂತ್ರ" ಅಂತ, ಅನಂತನಾಗ್ ಮತ್ತ ರೇಖಾ. ನಮ್ಮದ ಚೊಲೋ.

ಕಾಮಿನಿ ಅನ್ನೋ ಹೆಸರು ನೆನಪಿಡ್ರಿ. 1949ರ "ಮಹಲ್" ಪಿಚ್ಚರಿನ್ಯಾಗೂ ಮಧುಬಾಲಾ ಹೆಸರು ಕಾಮಿನೀನ. ಅದು ಬಾಂಬೆ ಟಾಕೀಜ್ ಕಂಪನಿದು, ಕಂಪನಿ ಕೈ ಬಿಗಿ ಇದ್ದ ಕಾಲದ್ದು. ಅದರಾಗ ಲತಾ ಮಂಗೇಶ್ಕರ್ ಹಾಡಿದ್ದು ನಿಮಗೆಲ್ಲಾ ಗೊತ್ತೈತಿ. ದೂರದಿಂದ ಯಾರೋ ಹಾಡಕೋತ ಹತ್ತರ ಬಂದಂಗ ಕೇಳಬೇಕಿತ್ತು. ಈಗಿನಂಗ ಮಶೀನ್ ಇರಲಿಲ್ಲ. ಮೈಕ್ ಖೋಲಿ ನಡುವ ಇಟ್ರು, ಲತಾಬಾಯಿ ಮೂಲ್ಯಾಗ ನಿಂತು ಹಾಡ್ಯಾಕ ಚಾಲೂ ಮಾಡಿ, ಒಂದೊಂದ ಹೆಜ್ಜಿ ಇಟಕೋತ ಮೈಕ್ ಹತ್ತರ ಬಂದ್ರು. ಇಷ್ಟ. ಅದರ ಖರ್ಚು ನಾಕು ಹೆಜ್ಜಿ. ಮೊದಲ ಬಂದ ರೆಕಾರ್ಡ್ ಮ್ಯಾಲೆ ಹಾಡಿದವರ ಹೆಸರು ಲತಾ ಅಂತ ಇರಲಿಲ್ಲ, ಕಾಮಿನಿ ಅಂತ ಇತ್ತು. ಹಾಡಿದಾಕಿ ಹೆಸರು ದೆವ್ವದ ಹೆಸರಿನ ಹಿಂದ ಅಡಗಿತ್ತು ನೋಡ್ರಿ. ಮಂದಿ ರೇಡಿಯೋಕ್ಕ ಕೇಳಿ ಕೇಳಿ ಹೆಸರು ಹೊರಗ ಬರೂ ಹಂಗ ಮಾಡಿದ್ರು.

ಮಕ್ಕಳಿದ್ದ ಮನ್ಯಾಗ ಮರಾಠಿ ಹಚ್ಚೋದು ಚೊಲೋ. ನಮ್ಮ ಕಡೆ ಮಕ್ಕಳಿಗೆ ಮರಾಠಿ ತಿಳೀದಿಲ್ಲ ಅನ್ನೋ ಮಾತಿಲ್ಲ. ಕೊಲ್ಲಾಪುರ ಅಂದ್ರ ನಮಗ ಅಂಬಾಬಾಯಿ, ಚಪ್ಪಲ್ಲಿ, ಆಮ್ಯಾಲೆ ಪಿಚ್ಚರ್. ಶಾಂತಾರಾಮ ಅವರ ಪ್ರಭಾತ ಕಂಪನಿ 1929ರಾಗ ಹುಟ್ಟಿದ್ದು ಅಲ್ಲೇ. 1982ರ "ಏಕ್ ಡಾವ್ ಭುತಾಚಾ" ಹಚ್ಚರಿ, ಅಶೋಕ ಸರಾಫ್ ದೆವ್ವ, ನಕ್ಕು ನಕ್ಕು ಹೊಟ್ಟಿ ನೋಯತಾವ. ಸ್ವಲ್ಪ ದೊಡ್ಡ ಮಕ್ಕಳಿಗೆ 1993ರ "ಝಪಾಟಲೇಲಾ". ತಾತ್ಯಾ ವಿಂಚು ಅನ್ನೋ ಗೊಂಬಿ. ರಾಮದಾಸ ಪಾಧ್ಯೆ ಮಾಡಿದ ಗೊಂಬಿ ಅದು, ದನಿ ದಿಲೀಪ ಪ್ರಭಾವಳಕರ ಅವರದು. ಅಮೆರಿಕಾದ ಗೊಂಬಿ ಪಿಚ್ಚರ್ ನೋಡಿ ಮಾಡಿದ್ದು ಖರೆ, ಆದ್ರ ಆ ಗೊಂಬಿ ನಮ್ಮ ಊರಾಗಿನ ರೌಡಿ ಹಂಗ ಮಾತಾಡತೈತಿ. ನನ್ನ ಮಗಳು ಅದನ್ನ ನೋಡಿದ ಮ್ಯಾಲೆ ತನ್ನ ಗೊಂಬಿಗೋಳನ್ನೆಲ್ಲಾ ಕಪಾಟಿನ್ಯಾಗ ಹಾಕಿ ಕೀಲಿ ಹಾಕಿದ್ಲು. ಎಂಟು ದಿನಾ ತಗೀಲಿಲ್ಲ. ಒಂಬತ್ತನೇ ದಿನ ತಾನ ತಗದು, ಎಲ್ಲಾಕ್ಕೂ ಸಾಲಾಗಿ ಕುಂಡರಿಸಿ, ಬೈದು, ಮತ್ತ ಆಡಾಕ ಹತ್ತಿದ್ಲು.

ಕಪಾಟು ತಗದ ಆ ಒಂಬತ್ತನೇ ದಿನದ ಸಲುವಾಗಿನ ನಾ ಇಷ್ಟೆಲ್ಲಾ ಹೇಳಾಕತ್ತೀನಿ. ಅಂಜಿಕಿ ಹೆಂಗ ತಯಾರ ಆಗತೈತಿ ಅನ್ನೋದು ಒಮ್ಮೆ ಕಂಡ್ರ ಅದು ಅರ್ಧ ಸಾಯತೈತಿ. ನಮ್ಮ ಮನ್ಯಾಗ ಒಂದು ಆಟ ಐತಿ, ನೀವೂ ಮಾಡಿ ನೋಡ್ರಿ. ಎಲ್ಲಾಕ್ಕಿಂತ ಹೆಚ್ಚು ಅಂಜಿಕಿ ಬಂದ ಸೀನ್ ಹಿಂದಕ್ಕ ತಂದು, ಟೀವಿ ದನಿ ಪೂರಾ ಬಂದ್ ಮಾಡಿ ಮತ್ತ ನೋಡ್ರಿ. ಬಾಗಲಾ ತಗೀತೈತಿ, ಪಡದೆ ಹಾರತೈತಿ, ಒಬ್ಬಾಕಿ ಬಾಯಿ ತಗದು ನಿಂತಿರತಾಳ, ಅಷ್ಟ. ಮಕ್ಕಳು ಬಿದ್ದು ಬಿದ್ದು ನಗತಾವ. ಅಂಜಿಕಿ ಇದ್ದದ್ದು ಸಪ್ಪಳದಾಗ. ಆಮ್ಯಾಲೆ ಉಲ್ಟಾ ಮಾಡ್ರಿ, ಕಣ್ಣ ಮುಚ್ಚಿ ಬರೇ ಕೇಳ್ರಿ. ಹಿತ್ತಲ ಬಾಗಲದ ಸಪ್ಪಳ ಇದ, ಗ್ಯಾಸಿನ ಮ್ಯಾಲೆ ಕುಕ್ಕರ್ ಉಸರ ಬಿಡೋ ಸಪ್ಪಳಾನೂ ಇಂಥಾದ್ದ ಅಂತ ಅವಕ್ಕ ತಾವ ಗೊತ್ತಾಗತೈತಿ. ದೊಡ್ಡ ರೊಕ್ಕದ ಹೊಸಾ ಪಿಚ್ಚರಿನ್ಯಾಗ ಈ ಆಟ ಆಡಾಕ ಬರಂಗಿಲ್ಲ. ಅಲ್ಲೆ ಕಂಪ್ಯೂಟರಿನ್ಯಾಗ ಎಲ್ಲಾ ತಯಾರ ಮಾಡಿರತಾರ, ಹೊಲಿಗಿ ಎಲ್ಲೆ ಹಾಕ್ಯಾರ ಅಂತ ಕಾಣಂಗಿಲ್ಲ. ಹಳೇ ಬಡವರ ಪಿಚ್ಚರಿನ್ಯಾಗ ಕೌದಿ ಹಂಗ ಎಲ್ಲಾ ಹೊಲಿಗಿ ಕಾಣತೈತಿ.

ಅಮೆರಿಕಾದಾಗೂ ಇಂಥಾ ಬಡವರ ಪಿಚ್ಚರ್ ಅದಾವು. 1942ರ "ಕ್ಯಾಟ್ ಪೀಪಲ್" ಅನ್ನೋದರಾಗ ಒಂದು ಹೆಣ್ಣು ಕರೇ ಚಿರತಿ ಆಗತಾಳ ಅನ್ನೋ ಮಾತು. ಚಿರತಿ ತೋರಸಾಕ ಹೆಚ್ಚು ರೊಕ್ಕ ಇಲ್ಲ, ಅದಕ್ಕ ನೆರಳು ತೋರಿಸಿದ್ರು. ರಾತ್ರಿ ಒಬ್ಬಾಕಿ ಈಜೋ ಹೊಂಡದಾಗ ಇರತಾಳ, ಗ್ವಾಡಿ ಮ್ಯಾಲೆ ನೀರಿನ ಬೆಳಕು ಕುಣಿತಿರತೈತಿ, ಅದರಾಗ ಏನೋ ಸುಳಿದಂಗ ಆಗತೈತಿ. ಬ್ಯಾರೆ ಏನೂ ಇಲ್ಲ. ಕರೆಂಟ್ ಹೋದಾಗ ಕಂದೀಲ ಹಚ್ಚಿ ಕುಂತು ಬೆಳದವರಿಗೆ ನೆರಳಿನ ಅಂಜಿಕಿ ಹೇಳಿ ಕೊಡಬೇಕಾಗಿಲ್ಲ. 1968ರ "ನೈಟ್ ಆಫ್ ದಿ ಲಿವಿಂಗ್ ಡೆಡ್" ಹೆಣಗೋಳು ಎದ್ದು ಬರೋ ಪಿಚ್ಚರ್. ಸುಮಾರು 1 ಲಕ್ಷ 14 ಸಾವಿರ ಡಾಲರ್‌ನ್ಯಾಗ ಮುಗಿಸಿದ್ದು, ಅವರ ಲೆಕ್ಕದಾಗ ಅದು ಏನೂ ಅಲ್ಲ. ಕಪ್ಪು ಬಿಳಿ ಪಿಚ್ಚರ್, ಅದಕ್ಕ ರಕ್ತದ ಬದಲಿ ಚಾಕಲೇಟ್ ಪಾಕ ಸುರವಿದ್ರು. ಹೆಸರು ಬದಲಿ ಮಾಡೋ ಗಡಬಡ್ಯಾಗ ಹಕ್ಕಿನ ಸಾಲು ಬರಿಯೋದು ಬಿಟ್ಟು ಹೋತು, ಅದಕ್ಕ ಅವತ್ತಿನಿಂದ ಯಾರು ಬೇಕಾದ್ರೂ ತೋರಸಬಹುದು, ಯಾರು ಬೇಕಾದ್ರೂ ಪುಕ್ಕಟ ನೋಡಬಹುದು. ಪುಕ್ಕಟ ಅಂದ ಮ್ಯಾಲೆ ನಮ್ಮ ಅತ್ತಿಯವರೂ ಕುಂತ್ರು. ಅರ್ಧ ತಾಸಿಗೆ ಎದ್ದು, "ಹೆಣಾ ಇಷ್ಟ ಸಾವಕಾಶ ನಡದ್ರ ಯಾಕ ಓಡತಾರ, ಬಾಗಲಾ ಹಾಕ್ಕೊಂಡು ಮಕ್ಕೊಳ್ರಿ ಅನ್ನು" ಅಂದು ಹೋದ್ರು.

ಈಗ ಬಾಜೂ ಮನಿ ಹುಡುಗಿ ಮಾತು.

ಹಡದು ಎರಡು ತಿಂಗಳಾಗಿತ್ತು. ನಿದ್ದಿ ಹತ್ತವಲ್ದಾಗಿತ್ತು ಆಕಿಗೆ. ಕೂಸು ಮಲಗಿದ್ರೂ ತಾ ಗ್ವಾಡಿ ನೋಡಕೋತ ಕುಂಡರತಿದ್ಲು. ಒಮ್ಮೆ ಅಳೋದು, ಒಮ್ಮೆ ಕೂಸಿನ ಮುಟ್ಟಾಕ ಅಂಜೋದು, ಕಬ್ಬಿನ್ಯಾಗಿಂದ ಯಾರೋ ಕರೀತಾರ ಅನ್ನೋದು. ಅದಕ್ಕ ಒಂದು ವಾರ ಮೊದಲ ನಮ್ಮ ಮನ್ಯಾಗ ಕುಂತು ಟೀವಿಯೊಳಗ ದೆವ್ವದ ಪಿಚ್ಚರ್ ನೋಡಿದ್ಲು. ಮುಗೀತಲ್ಲ. "ಪಿಚ್ಚರ್ ನೋಡಿ ಬಾಣಂತಿಗೆ ದೆವ್ವ ಬಡದೈತಿ" ಅಂತ ಓಣಿ ತುಂಬ ಆತು. ಅಮಾಸಿ ನೋಡಿ ಆಕಿನ್ನ ಒಬ್ಬ ಮನಶ್ಯಾನ ಕಡೆ ಕರಕೊಂಡು ಹೋದ್ರು. ಬಾಗಲಾ ಹಾಕಿ ಮೆಣಸಿನಕಾಯಿ ಹೊಗಿ ಹಾಕಿದ್ರು, ಬೇವಿನ ಟೊಂಗಿಲೆ ಹೊಡದ್ರು, ಕೂದಲಾ ಹಿಡದು ಎಳದು "ಯಾರ ನೀ, ಹೆಸರ ಹೇಳ" ಅಂತ ಕೇಳಿದ್ರು. ಆಕಿ ತನ್ನ ಹೆಸರ ಹೇಳಿದ್ಲು. ಖರೆ ಹೆಸರು. ಸುಳ್ಳ ಹೇಳತೈತಿ ಅಂತ ಮತ್ತ ಹೊಡದ್ರು.

ನಾ ಅವತ್ತು ಅವರ ಕೂಡ ಹೋಗಿದ್ದೆ, ಹೊರಗ ಕಟ್ಟಿ ಮ್ಯಾಲೆ ಕುಂತಿದ್ದೆ. ಆಕಿ ಕೂಸು ನನ್ನ ಉಡ್ಯಾಗ ಇತ್ತು. ಒಳಗಿನ ಸಪ್ಪಳ ಎಲ್ಲಾ ಕೇಳತಿತ್ತು. ನಾ ಎದ್ದು ಬಾಗಲಾ ಬಡೀಲಿಲ್ಲ.

ಆಕಿ ಅಣ್ಣ ಬಂದು ಜಗಳಾಡಿ ದವಾಖಾನಿಗೆ ಕರಕೊಂಡು ಹೋದ. ಹಡದ ಮ್ಯಾಲೆ ಕೆಲವರಿಗೆ ಮನಸಿನ ಬ್ಯಾನಿ ಬರತೈತಿ, ನಿದ್ದಿ ಕೆಡತೈತಿ, ಇಲ್ಲದ್ದು ಕೇಳತೈತಿ, ಇದಕ್ಕ ಔಷಧ ಐತಿ, ತಡಾ ಮಾಡಬಾರದು ಅಂತ ಡಾಕ್ಟರ್ ಬಾಯಿ ಹೇಳಿದ್ರಂತ. ಗುಳಿಗಿ ಕೊಟ್ರು, ಯಾರಾದ್ರೂ ಒಬ್ಬರು ಸದಾ ಕೂಡ ಇರ್ರಿ ಅಂದ್ರು. ಕೆಲವು ತಿಂಗಳಿಗೆ ಆಕಿ ಮೊದಲಿನಂಗ ಆದ್ಲು. ದೆವ್ವ ಬಿಡಸೋ ಹೆಸರಿಲೆ ಕಟ್ಟಿ ಹಾಕೋದು, ಹೊಡಿಯೋದು, ಮೆಣಸಿನಕಾಯಿ ಹೊಗಿ ಹಾಕೋದು, ಕೂದಲಾ ಕೀಳೋದು ನಮ್ಮ ರಾಜ್ಯದಾಗ ಅಪರಾಧ ಅನ್ನೋದು ನನಗ ಆಮ್ಯಾಲೆ ಗೊತ್ತಾತು. 2017ರ ಕಾಯ್ದೆ, 2020ರ ಜನವರಿಯಿಂದ ಜಾರಿಗೆ ಬಂದೈತಿ. ಗಡಿ ದಾಟಿ ಮಹಾರಾಷ್ಟ್ರಕ್ಕ ಕರಕೊಂಡು ಹೋದ್ರೂ ತಪ್ಪಂಗಿಲ್ಲ. ಅಲ್ಲೆ 2013ರಾಗನ ಇಂಥಾ ಕಾಯ್ದೆ ಬಂತು, ಅದರ ಸಲುವಾಗಿ ವರ್ಷಾನುಗಟ್ಟಲೆ ತಿರುಗಾಡಿದ ಸಾತಾರಾದ ನರೇಂದ್ರ ದಾಭೋಳಕರ ಅವರನ್ನ ಆ ವರ್ಷದ ಆಗಸ್ಟಿನ್ಯಾಗ ಪುಣೆದಾಗ ಗುಂಡ ಹೊಡದು ಕೊಂದ ಮ್ಯಾಲೆ.

ಪಿಚ್ಚರ್‌ನಿಂದ ಹಿಂಗಾತು ಅಂತ ಇವತ್ತಿಗೂ ಅನ್ನೋರು ಅದಾರ. ಬಾಣಂತಿಗೆ, ಮೈಯಾಗ ಅಶಕ್ತ ಇದ್ದವರಿಗೆ, ನಿದ್ದಿ ಇಲ್ಲದವರಿಗೆ ದೆವ್ವದ ಪಿಚ್ಚರ್ ಬ್ಯಾಡ, ಅದನ್ನ ನಾನೂ ಒಪ್ಪತೀನಿ. ಅವತ್ತು ಆಕಿನ್ನ ಕುಂಡರಿಸಿಕೊಂಡದ್ದು ನನ್ನ ತಪ್ಪು. ಆದ್ರ ಬ್ಯಾನಿ ಪಿಚ್ಚರ್ ತಂದದ್ದಲ್ಲ, ಬೆತ್ತ ಪಿಚ್ಚರ್ ಹಿಡದದ್ದಲ್ಲ. ಪಿಚ್ಚರ್ ಮುಗದ ಮ್ಯಾಲೆ ಲೈಟ್ ಹಚ್ಚತಾರ, ಆ ಖೋಲ್ಯಾಗ ಯಾರೂ ಲೈಟ್ ಹಚ್ಚಲಿಲ್ಲ.

ಪಿಚ್ಚರಿಗೂ ತಪ್ಪು ಇಲ್ಲ ಅಂತಲ್ಲ. ದೆವ್ವ ಅಂದ್ರ ಬಿಳಿ ಸೀರಿ, ಬಿಚ್ಚಿದ ಕೂದಲಾ ಅಂತ ಕಲಿಸಿದವು ಇವ. 1964ರ "ವೋ ಕೌನ್ ಥೀ"ದಾಗ ಮಳ್ಯಾಗ ನಿಂತ ಸಾಧನಾನ್ನ ನೋಡಿ ಎಷ್ಟು ಚೆಂದ ಅನ್ನತೀವಿ. ನಮ್ಮ ಓಣ್ಯಾಗ ಬಿಳಿ ಸೀರಿ ಉಡೋ ಆಯಿ ಒಬ್ಬಾಕೀನ ಇದ್ಲು, ಗಂಡ ಸತ್ತಾಕಿ. ಸಂಜಿ ಮುಂದ ಆಕಿ ಕೊಡ ತಗೊಂಡು ಬಂದ್ರ ಹುಡುಗೂರು ಚೀರಿ ಓಡತಿದ್ವು, ಅದರಾಗ ನಾನೂ ಒಬ್ಬಾಕಿ. ಇಂಥಾ ಪಿಚ್ಚರ್ ಒಬ್ಬೊಬ್ಬರ ನೋಡಬ್ಯಾಡ್ರಿ ಅನ್ನೋದು ಇದಕ್ಕ. ಬಾಜೂಕ ಕುಂತು "ಈಕಿ ಬಿಳಿ ಸೀರಿ ಯಾಕ ಉಟ್ಟಾಳ? ಈಕಿ ಸತ್ತದ್ದು ಹೆಂಗ? ಕೊಂದವರಿಗೆ ಏನಾತು?" ಅಂತ ಮಕ್ಕಳನ್ನ ಕೇಳೋರು ಒಬ್ಬರು ಬೇಕು. ನಮ್ಮ ಮಗಳು ಈಗ ತಾನ ಕೇಳತಾಳ.

ಹೋದ ವರ್ಷ ಆ ಹುಡುಗಿ ತಾನಾಗಿ ಬಂದು ನಮ್ಮ ಕೂಡ ಕುಂತ್ಲು. ಕೂಸಿಗೆ ಈಗ ನಾಕು ವರ್ಷ. ನಾ ಅಂಜಕೋತನ "ಬ್ಯಾಡವಾ, ಬ್ಯಾರೆ ಏನಾದ್ರೂ ಹಚ್ಚೋಣು" ಅಂದೆ. "ಹಚ್ಚರಿ ಕಾಕು, ಏನಾಗಂಗಿಲ್ಲ" ಅಂದ್ಲು. 1962ರ "ಕಾರ್ನಿವಲ್ ಆಫ್ ಸೋಲ್ಸ್" ಹಚ್ಚಿದ್ವಿ. ಅದನ್ನ ಮಾಡಿದವ ಹರ್ಕ್ ಹಾರ್ವೆ. ಸಾಲಿ ಮಕ್ಕಳಿಗೆ, ಕಾರಖಾನಿಯವರಿಗೆ ತೋರಸೋ ಸಣ್ಣ ಸಣ್ಣ ಫಿಲ್ಮ್ ಮಾಡೋ ಕಂಪನ್ಯಾಗ ನೌಕರಿ ಅವಂದು. ಮೂರು ವಾರ ರಜಾ ಹಾಕಿ, ಸಿಕ್ಕವರ ಕಡಿಂದ ರೊಕ್ಕ ಕೂಡಿಸಿ ಇದೊಂದನ್ನ ತಗದ. ದೆವ್ವದ ವೇಷಾನೂ ತಾನ ಹಾಕಿದ, ಮುಖಕ್ಕ ಬಿಳಿ ಬಣ್ಣ ಹಚ್ಚಿಕೊಂಡು. ಮೇರಿ ಅನ್ನೋ ಹುಡುಗಿ, ಚರ್ಚಿನ್ಯಾಗ ಆರ್ಗನ್ ಬಾರಸತಾಳ. ಕಾರ್ ಹೊಳ್ಯಾಗ ಬಿದ್ದದ್ದರಾಗ ಆಕಿ ಒಬ್ಬಾಕಿ ಎದ್ದು ಬಂದಿರತಾಳ. ಅಂಗಡಿಯೊಳಗ ಅರಿವಿ ತಗೋಳಾಕ ಹೋಗತಾಳ. ಒಮ್ಮೆಕಲೆ ಎಲ್ಲಾ ಸಪ್ಪಳ ನಿಂದರತೈತಿ. ಆಕಿ ಮಾತಾಡತಾಳ, ಅಂಗಡಿಯಾಕಿ ಕೇಳಂಗಿಲ್ಲ, ನೋಡಂಗಿಲ್ಲ. ಒಬ್ಬೊಬ್ಬರ ಹತ್ತರ ಓಡಿ ಹೋಗಿ ಕೇಳತಾಳ, ಆಕಿ ಅಲ್ಲಿ ಇಲ್ಲೇ ಇಲ್ಲ ಅನ್ನೂ ಹಂಗ ಎಲ್ಲಾರೂ ತಮ್ಮ ಪಾಡಿಗೆ ತಾವು ಹೋಗತಿರತಾರ. ರಾಕ್ಷಸ ಇಲ್ಲ, ರಕ್ತ ಇಲ್ಲ, ಒಂದು ಅರಿವಿ ಅಂಗಡಿ ಅಷ್ಟ.

ಆ ಹುಡುಗಿ ಚುನಮುರಿ ತಿನ್ನೋದು ಬಿಟ್ಟು ನೋಡಿದ್ಲು. "ನನಗೂ ಹಿಂಗ ಆಗಿತ್ತ್ರಿ ಕಾಕು" ಅಂದ್ಲು. "ಎಲ್ಲಾರೂ ನನ್ನ ಮಾತು ಬಿಟ್ಟು, ನನ್ನೊಳಗ ಯಾರೋ ಮಾತಾಡತಾರ ಅಂತ ಅದನ್ನ ಕೇಳತಿದ್ರು." ಯಾರೂ ಏನೂ ಅನ್ನಲಿಲ್ಲ. ನಮ್ಮ ಅತ್ತಿಯವರು ಎದ್ದು ಹೋಗಿ ಆಕಿಗೆ ಮತ್ತೊಂದು ಬಟ್ಟಲ ಚುನಮುರಿ ತಂದು ಕೊಟ್ರು, ಮ್ಯಾಲೆ ಶೇಂಗಾ ಹೆಚ್ಚು ಹಾಕಿ. ಬಾಗಲಾ ಬಡೀದ ಕುಂತ ಮಾತು ನಾ ಆಕಿಗೆ ಅವತ್ತ ಹೇಳಿದೆ. "ಗೊತ್ತೈತ್ರಿ," ಅಂದ್ಲು, "ಕೂಸು ನಿಮ್ಮ ಕಡೆ ಐತಿ ಅಂತ ಧೈರ್ಯ ಇತ್ತು."

ಈ ಸಲ ದೀಪಾವಳಿ ಅಮಾಸಿ ರಾತ್ರಿ ಲಕ್ಷ್ಮೀಪೂಜಿ, ಪಾವಣ್ಯಾರು, ಅಂಗಡಿ ಪೂಜಿ, ಯಾರಿಗೂ ಪುರಸತ್ತು ಇರಂಗಿಲ್ಲ. ಅದಕ್ಕ ಎರಡು ದಿನ ಮೊದಲ ಕೂಡೋಣು. ಸಂಜಿ ಮಕ್ಕಳಿಗೆ ಅಶೋಕ ಸರಾಫ್, ಅವು ಮಲಗಿದ ಮ್ಯಾಲೆ "ನಾ ನಿನ್ನ ಬಿಡಲಾರೆ". ಚುನಮುರಿ ನಾ ಮಾಡತೀನಿ, ಭಜಿ ಆ ಹುಡುಗಿ ಮಾಡತಾಳಂತ. ಹತ್ತು ಗಂಟೆ ಮ್ಯಾಲೆ ಕರೆಂಟ್ ಹೋಗೋದು ನಿಮಗೆಲ್ಲಾ ಗೊತ್ತೈತಿ. ಬ್ಯಾಟರಿ ತರ್ರಿ, ಮತ್ತ ಕಬ್ಬಿನ ದಾರಿಗುಂಟ ಬರೋರು ಇಬ್ಬಿಬ್ಬರು ಕೂಡಿ ಬರ್ರಿ. ದೆವ್ವದ ಸಲುವಾಗಿ ಅಲ್ಲ, ಕಾಲುವಿ ಒಡದು ಅಲ್ಲೆ ರಾಡಿ ಆಗೈತಿ.